ಉಗ್ರಾಣದ ನೇಗಿಲು

ಹೊಸ ಅರಸನ ಪಟ್ಟಕ್ಕೆ ಆರು ಕೋಣ, ನಲವತ್ತು ಕೋಳಿ, ಒಂದು ದೋಣಿ ಅಕ್ಕಿ ಖರ್ಚಾಗಿತ್ತು. ಆದರೂ ಡಚ್ಚರು ಗೆದ್ದುಕೊಂಡಿದ್ದ ಆ ದ್ವೀಪದ ಬುಗಿಸ್ ಜನಾಂಗದ ರೈತರಲ್ಲಿ ಒಬ್ಬನೂ ಗದ್ದೆಗೆ ಇಳಿದಿರಲಿಲ್ಲ. “ಅರಸನನ್ನ ಕೊಟ್ಟಿದೀನಲ್ಲ, ಇನ್ನೇನ್ ಬೇಕು?” ಎಂದು ಡಚ್ ಅಧಿಕಾರಿ ಮೇಜು ಗುದ್ದಿದ.

ಏಳು ಹಿರಿಯರ ಸಭೆಯ ಮುಖ್ಯಸ್ಥ ಲಾ ಮಕ್ಕುರಾಗನಿಗೆ ಹೇಳಿ ಹೇಳಿ ಸಾಕಾಗಿತ್ತು. “ಸ್ವಾಮಿ, ಇದು ನಾಲ್ಕನೇ ಸಲ. ನಮ್ಮನ್ನ ಆಳೋದು ನೀವು ಉಗ್ರಾಣದಲ್ಲಿ ಬೀಗ ಹಾಕಿಟ್ಟಿರೋ ಆ ಹಳೇ ನೇಗಿಲು. ಅದು ಮೊದಲ ಸಾಲು ಹೊಡೀದೆ ಯಾರೂ ಉಳಲ್ಲ. ಅರಸ ಅದನ್ನ ಕಾಯೋನು ಅಷ್ಟೆ. ಸರಿಯಾಗಿ ಕಾಯದಿದ್ರೆ ನಾವೇ ಇಳಿಸ್ತೀವಿ!”

“ಓಹೋ, ಇಳಿಸ್ತೀರಾ?” ಅಧಿಕಾರಿ ಏನನ್ನೋ ಬರೆದು, ಆ ಕಾಗದವನ್ನೂ ಉಗ್ರಾಣದ ಬೀಗದಕೈಯನ್ನೂ ಮುಂದೆ ತಳ್ಳಿದ. “ನೇಗಿಲು ತಗೊಳ್ಳಿ. ಇನ್ನು ಅರಸನನ್ನ ಇಳಿಸಲ್ಲ ಅಂತ ಮುದ್ರೆ ಒತ್ತಿ.”

ಮಡಿಯಲ್ಲಿ ಭತ್ತದ ಸಸಿ ಬಲಿತು ಹಳದಿಯಾಗುತ್ತಿತ್ತು. “ಕೊಡಿ ಇತ್ಲಾಗೆ,” ಎಂದು ಲಾ ಮಕ್ಕುರಾಗ ಮುದ್ರೆ ಒತ್ತಿದ. ಆ ವರ್ಷದ ಬೆಳೆ ಉಳಿಯಿತು; ಅರಸನನ್ನು ಇಳಿಸುವ ಹಕ್ಕು ಹೋಯಿತು.