ಕೆಳಗೆ ಓಡುವ ಸುದ್ದಿ

“ಅಮ್ಮಾ, ತಾತ ರಿಮೋಟ್ ತಗೊಂಡ,” ಎಂದು ಒಳಗಿಂದ ಮಗಳು ಪುಟ್ಟಿ ಕೂಗಿದಳು.

ಹಿಂಡುತ್ತಿದ್ದ ಅಂಗಿ ಮತ್ತೆ ಬಕೆಟ್ಟಿಗೆ ಬಿತ್ತು. ಒದ್ದೆ ಕೈಯಲ್ಲೇ ಅವಳು ಒಳಗೆ ಓಡಿದಳು.

ಅಪ್ಪ ಟಿವಿಯ ಮುಂದೆ ಕೂತು ರಿಮೋಟನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಹೆಬ್ಬೆರಳು ಗುಂಡಿಯ ಮೇಲಿತ್ತು.

“ಅದನ್ನ ಮುಟ್ಟಬೇಡಿ ಅಪ್ಪ. ಈ ಟಿವಿ ಮಹಾ ಮೊಂಡು. ಒಂದ್ಸಲ ಚಾನೆಲ್ ಹೋದ್ರೆ ಮತ್ತೆ ಬರೋದೇ ಇಲ್ಲ.”

“ಹೋಗಿದ್ದು ಎಲ್ಲಿ ಮತ್ತೆ ಬರುತ್ತೆ ಬಿಡು,” ಎಂದು ಅಪ್ಪ ರಿಮೋಟನ್ನು ಅವಳ ಕೈಗಿತ್ತರು. “ಸ್ವಲ್ಪ ಸದ್ದು ಜಾಸ್ತಿ ಮಾಡೋಣ ಅಂದ್ಕೊಂಡೆ, ಅಷ್ಟೇ.”

ಸದ್ದನ್ನು ಅವಳೇ ಏರಿಸಿದಳು.

ತೆರೆಯ ಮೇಲೂ ಅಪ್ಪನೇ. ಬೂದು ಕೋಟು, ಹಿಂದೆ ಪುಸ್ತಕದ ಕಪಾಟು. ಭಾನುವಾರ ಬೆಳಗಿನ ‘ನಾಡಿನ ಪುಟಗಳು’. ಹಳೆಯ ಸೇತುವೆಗಳ ಕುರಿತ ಪುಸ್ತಕವೊಂದನ್ನು ಕೈಯಲ್ಲಿ ಹಿಡಿದು, ಕಟ್ಟಿಸಿದ ಮಂತ್ರಿಯ ಹೆಸರು ಕಲ್ಲಿನ ಮೇಲಿದೆ, ಆ ಕಲ್ಲು ಹೊತ್ತವರ ಹೆಸರು ಎಲ್ಲಿದೆ ಎಂದು ಕೇಳುತ್ತಿದ್ದರು.

ಆದರೆ ಆ ಕಾರ್ಯಕ್ರಮ ನಿಂತು ತಿಂಗಳುಗಳೇ ಕಳೆದಿದ್ದವು.

ಅವಳು ಅದೇ ಚಾನೆಲ್ಲಿನಲ್ಲಿ ವಿಡಿಯೊ ಎಡಿಟರ್. ಹೊಸದಾಗಿ ಬಂದ ಮುಖ್ಯಸ್ಥ ಒಂದು ದಿನ ಅವಳನ್ನು ಕರೆದು, “ಚರಿತ್ರೆ, ಪುಸ್ತಕ ಅಂತ ಕೂತ್ರೆ ಹೊಟ್ಟೆ ತುಂಬಲ್ಲಮ್ಮ. ನಿಮ್ಮ ತಂದೆಗೆ ನೀವೇ ಹೇಳಿಬಿಡಿ,” ಎಂದಿದ್ದ. ಈಗ ಆ ಹೊತ್ತಿನಲ್ಲಿ ನಾಲ್ಕು ಪಕ್ಷಗಳ ನಾಲ್ವರು ಕೂತು ಒಬ್ಬರ ಮೇಲೊಬ್ಬರು ಕಿರುಚುತ್ತಾರೆ.

ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಅಮ್ಮ ತೀರಿಹೋದಾಗ ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಊಟಕ್ಕೂ ಎದ್ದಿರಲಿಲ್ಲ. ಅವರನ್ನು ಎಬ್ಬಿಸಿ ಕೂರಿಸಿದ್ದು ಈ ಕಾರ್ಯಕ್ರಮ. ಇದೂ ಇಲ್ಲವೆಂದರೆ ಮತ್ತೆ ಅದೇ ಗೋಡೆ.

“ಈಗ ಎಲ್ಲರೂ ಮನೆಯಿಂದಲೇ ರೆಕಾರ್ಡ್ ಮಾಡ್ತಾರಪ್ಪ,” ಎಂದು ಸುಳ್ಳು ಹೇಳಿದಳು. ಒಂದು ಸುಳ್ಳಿಗೆ ಹತ್ತು ಊರುಗೋಲು. ವಾರಕ್ಕೊಮ್ಮೆ ಕಪಾಟಿನ ಮುಂದೆ ಅಪ್ಪನನ್ನು ಕೂರಿಸಿ ಫೋನಿನಲ್ಲಿ ಚಿತ್ರೀಕರಣ. ಕಚೇರಿಯಲ್ಲಿ ಊಟದ ಬಿಡುವಿನಲ್ಲಿ, ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಕತ್ತರಿ ಪ್ರಯೋಗ. ಮೂಲೆಗೆ ಚಾನೆಲ್ಲಿನ ಲಾಂಛನ. ಕೆಳಗೆ ಓಡುವ ಆ ವಾರದ ಸುದ್ದಿಯ ಪಟ್ಟಿ, ನಿಜವಾದ ಪ್ರಸಾರದಿಂದಲೇ ಎತ್ತಿ ಅಂಟಿಸಿದ್ದು. ಭಾನುವಾರ ಟಿವಿಯ ಹಿಂಬದಿಗೆ ಪೆನ್‌ಡ್ರೈವ್. ಅದು ಗೊತ್ತಿದ್ದದ್ದು ಪುಟ್ಟಿಗೆ ಮಾತ್ರ. ಅವಳ ಬಾಯಿಗೆ ಬೀಗ ಹಾಕಿದ್ದಾಗಿತ್ತು.

ಆದರೆ ಪುಟ್ಟಿಗೆ ಹೊಸದಾಗಿ ಓದು ಬಂದಿತ್ತು. ಸೋಪಿನ ಹೊದಿಕೆಯನ್ನೂ ಬಿಡದೆ ಓದುತ್ತಿದ್ದಳು.

“ನೂತನ... ಸಚಿವರ... ಪ್ರಮಾಣವಚನ... ಇಂದು.”

ತಾಯಿ ತಟ್ಟನೆ ತೆರೆಯ ಕೆಳಗೆ ಕಣ್ಣು ಹಾಯಿಸಿದಳು. ಪಟ್ಟಿ ಹಳೆಯದು. ದಣಿವಿನಲ್ಲಿ ಯಾವುದೋ ತಿಂಗಳಿನದನ್ನು ಅಂಟಿಸಿಬಿಟ್ಟಿದ್ದಳು. ಆ ಸಚಿವ ರಾಜೀನಾಮೆ ಕೊಟ್ಟು ಮನೆಗೆ ಹೋಗಿದ್ದಾನೆ. ನಿನ್ನೆಯಷ್ಟೇ ಪತ್ರಿಕೆ ಹಿಡಿದು, “ಕುರ್ಚಿ ಬಿಸಿಯಾಗೋ ಮೊದಲೇ ಎದ್ದುಬಿಟ್ಟ ನೋಡು,” ಎಂದು ನಕ್ಕಿದ್ದವರು ಅಪ್ಪನೇ.

ಪುಟ್ಟಿ ಬಾಯಿ ತೆರೆದಳು. ತಾಯಿ ಕಣ್ಣಲ್ಲೇ ಗದರಿದಳು. ಪುಟ್ಟಿ ತಾತನ ಮುಖ ನೋಡಿದಳು. ತಾತ ತಟ್ಟೆಯಿಂದ ಒಂದು ಬಿಸ್ಕತ್ತು ತೆಗೆದು ಮೊಮ್ಮಗಳ ಬಾಯಿಗಿಟ್ಟರು.

“ತಿನ್ನುವಾಗ ಮಾತಾಡಬಾರದು, ಕಂದ.”

ಆಮೇಲೆ ಮಗಳ ಕಡೆ ತಿರುಗಿದರು. “ಕೆಳಗಿನ ಸಣ್ಣ ಅಕ್ಷರ ಈಗೀಗ ನನ್ನ ಕಣ್ಣಿಗೆ ಹತ್ತೋದೇ ಇಲ್ಲಮ್ಮ. ಏನೋ ಓಡುತ್ತೆ, ಓಡಲಿ.”

ಹೋದ ಜೀವ ಬಂದಂತಾಯಿತು. ಬೆಳಿಗ್ಗೆ ಕೆಮ್ಮಿನ ಔಷಧಿಯ ಸೀಸೆ ಹಿಡಿದು, ಇದರ ಅವಧಿ ಮುಗಿದಿದೆ ಎಂದು ಕನ್ನಡಕವಿಲ್ಲದೆ ಓದಿ ಹೇಳಿದ್ದವರು ಇವರೇ ಎಂಬುದು ಆ ಸಮಾಧಾನದಲ್ಲಿ ಅವಳಿಗೆ ನೆನಪಾಗಲಿಲ್ಲ.

ತೆರೆಯ ಮೇಲಿನ ಅಪ್ಪ ನಮಸ್ಕಾರ ಹೇಳಿದರು. ಕುರ್ಚಿಯ ಮೇಲಿನ ಅಪ್ಪ ಹಣೆ ಒತ್ತಿಕೊಂಡರು.

“ಮುಂದಿನ ವಾರಾನೂ ಇದೆಯಾ?”

“ಇದೆ ಅಪ್ಪ. ಯಾಕೆ, ಸುಸ್ತಾಗುತ್ತಾ?”

“ನಿನಗೆ ಸುಸ್ತಿಲ್ಲ ಅಂದ್ರೆ ನನಗೂ ಇಲ್ಲ. ನಾನು ನಿಲ್ಲಿಸಿಬಿಟ್ರೆ ನೀನು ತಡ್ಕೋತೀಯಾ?”

ಪಾಪ, ತನ್ನಿಂದಲೇ ಚಾನೆಲ್ ನಡೆಯುತ್ತಿದೆ ಎಂದುಕೊಂಡಿದ್ದಾರೆ, ಎಂದು ಅವಳು ಮರುಗಿದಳು. ಅವಳಿಗೂ ಸಾಕಾಗಿತ್ತು. ಬಕೆಟ್ಟಿನಲ್ಲಿ ಬಟ್ಟೆ ಇತ್ತು, ಸಿಂಕಿನಲ್ಲಿ ಪಾತ್ರೆ ಇತ್ತು. ಕಣ್ಣು ಮುಚ್ಚಿದರೆ ಅಲ್ಲೇ ನಿದ್ದೆ ಬರುವಂತಿತ್ತು.

“ನೀವಿಲ್ಲದೆ ಹೇಗಪ್ಪ ನಡೆಯುತ್ತೆ? ಬಟ್ಟೆ ಒಣಹಾಕಿ ಬರ್ತೀನಿ, ಮುಂದಿನದನ್ನ ಇವತ್ತೇ ಮುಗಿಸಿಬಿಡೋಣ.”

“ಆಗಲಮ್ಮ. ನಿನ್ನಿಷ್ಟ.”

ಅಪ್ಪ ಮಂಡಿ ಹಿಡಿದು ಎದ್ದರು. ಮೊಳೆಗೆ ತೂಗುಹಾಕಿದ್ದ ಬೂದು ಕೋಟನ್ನು ತೆಗೆದು ಒಂದು ತೋಳು ತೂರಿಸಿದರು. ಇನ್ನೊಂದು ತೋಳು ಸಿಗದೆ ಕೈ ಗಾಳಿಯಲ್ಲಿ ತಡಕಾಡಿತು. ಪುಟ್ಟಿ ಹೋಗಿ ಕೋಟನ್ನು ಹಿಡಿದುಕೊಂಡಳು. ಬಿಸ್ಕತ್ತು ಮುಗಿದಿತ್ತು. ಒಮ್ಮೆ ತಾತನನ್ನು, ಒಮ್ಮೆ ಅಮ್ಮನನ್ನು ನೋಡಿದಳು.

“ತಾತ, ನೀನು ಟಿವಿಲಿ ಬರ್ತಿಲ್ಲ ಅಂತ ನಮ್ಮಿಬ್ಬರಿಗೂ ಗೊತ್ತು ಅನ್ನೋದನ್ನ ಅಮ್ಮಂಗೆ ಇನ್ನೂ ಎಷ್ಟು ದಿನ ಹೇಳಬಾರದು?”