ಊದಿದ ಮಂಡಿ

ಹಾಲುಬಾಯಿಗೆ ಬೆಲ್ಲ ಕಾಯುವ ಪರಿಮಳ ಬಂದರೆ ಪ್ರಣೀತಾ ಎಂಟು ವರ್ಷದವಳಾಗುತ್ತಾಳೆ. ಅಂದು ಬೇಬಿ ಅತ್ತೆ ಅವಳ ತಟ್ಟೆ ಎಳೆದುಕೊಂಡು, "ಕೊಬ್ಬ್ ಸಾಕ್ ಹೆಣೆ ನಿಂಗೆ" ಎಂದು ಪಂಕ್ತಿಯನ್ನೆಲ್ಲ ನಗಿಸಿದ್ದರು.

ಇಂದು ಅದೇ ಅತ್ತೆ ಆಸ್ಪತ್ರೆಯಿಂದ ಕುಂಟುತ್ತ ಬಂದು ಹಾಲುಬಾಯಿಯ ತಟ್ಟೆಗೆ ಕೈಹಾಕಿದರು. "ಘಟ್ಟದ್ ಮೇಲಿನ್ ಡಾಕ್ಟ್ರ್ ಎಂತ ಅಂದ್ರ್ ಗೊತ್ತಿತ್ತಾ? ಹೊಟ್ಟಿ ಕೊಬ್ಬೇ ಹಸಿವ್ ಹೆಚ್ಚ್ ಮಾಡತ್ತಂಬ್ರ್, ಅದೇ ಕೊಬ್ಬಿಂದ ಮಂಡಿ ಊದಿತ್ತಂಬ್ರ್! ನಂಗ್ ಕೊಬ್ಬಾ?" ಎಂದು ತಲೆ ಮುಟ್ಟಿಕೊಂಡರು.

ಘಟ್ಟದ ಮೇಲೆ ಮಂಡಿಯೆಂದರೆ ಮೊಣಕಾಲು, ಕುಂದಾಪುರದಲ್ಲಿ ತಲೆ. ಡಾಕ್ಟರು ಹೇಳಿದ್ದು ಮೊಣಕಾಲಿನ ಮಾತು, ತಲೆಗೇರಿದ ಸೊಕ್ಕಲ್ಲ ಎಂದು ತಿಳಿಸಿದ್ದರೆ ಅತ್ತೆಗೆ ಸಮಾಧಾನವಾಗುತ್ತಿತ್ತು. ಪ್ರಣೀತಾ ತಿಳಿಸಲಿಲ್ಲ. "ಡಾಕ್ಟ್ರ್ ಹೇಳಿದ್ದ್ ಸಮ ಇತ್ತ್, ಅತ್ತೆ" ಎಂದು ತಟ್ಟೆ ಎಳೆದುಕೊಂಡಳು. ಅತ್ತೆಯ ಕಣ್ಣು ತುಂಬುವವರೆಗೂ ನೋಡಿದಳು. ಬಳಿಕ ಕುಚಲಕ್ಕಿ ಗಂಜಿ, ಹರಿವೆ ಪಲ್ಯದ ಬಟ್ಟಲನ್ನು ಅವರ ಕೈಗಿಟ್ಟಳು.