ಹೆತ್ತವಳ ದೂರು

ಹಿಂದಿನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿತ್ತು. ಒಳಗೆ ಯಾರೋ ಬಿಕ್ಕುತ್ತಿದ್ದರು. ದಿನವೂ ಸಂಜೆ ಬರುವ ಎರ್ಮೆಲಿಂಡಾ ಅಂದು ಮಧ್ಯಾಹ್ನಕ್ಕೇ ಬಂದಿದ್ದಳು. ಚಿಲಕ ಸರಿಸಿದಳು.

ಮೂರು ವರ್ಷದ ಯೇಸಿದ್‌ನನ್ನು ಮಂಚದ ಕಾಲಿಗೆ ಕಟ್ಟಿಹಾಕಿತ್ತು. ಹರಿದ ಹೊದಿಕೆಯ ಪಟ್ಟಿ ಎರಡೂ ಮಣಿಕಟ್ಟುಗಳಲ್ಲಿ ಹೂತುಹೋಗಿತ್ತು. ಕೆನ್ನೆಯ ಮೇಲೆ ಬೆರಳುಗಳ ಅಚ್ಚು. ಬಾಗಿಲು ತೆರೆದದ್ದೇ ಮಗು ಗಪ್ಪನೆ ಅಳು ನುಂಗಿಕೊಂಡಿತು. ಎರ್ಮೆಲಿಂಡಾ ಓಡಿಹೋಗಿ ಪಕ್ಕದಲ್ಲಿ ಕುಕ್ಕರಿಸಿದಳು. ಗಂಟನ್ನು ಹಲ್ಲಿನಿಂದ ಬಿಚ್ಚಿ ಮಗುವನ್ನು ಎತ್ತಿಕೊಂಡಳು.

ಅಡುಗೆಮನೆಯಿಂದ ಯುರಾನಿ ಸೌಟು ಹಿಡಿದೇ ಓಡಿ ಬಂದಳು. ಬೊಗೋಟಾದ ಆ ಗುಡ್ಡದ ಓಣಿಯಲ್ಲಿ ಕೂಲಿಗೆ ಹೋಗುವ ಹೆಂಗಸರ ಮಕ್ಕಳನ್ನೆಲ್ಲ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವವಳು ಅವಳು. ಇಂಥವರಿಗೆ ಸರಕಾರ ಇಟ್ಟ ಹೆಸರು ‘ಸಮುದಾಯದ ತಾಯಿ’. ಎಂಥ ತಾಯಿಯೋ!

“ಎಲ್ಲರನ್ನೂ ಕಚ್ತಾನೆ, ಅದಕ್ಕೇ ಒಂದು ಗಳಿಗೆ ಕಟ್ಟಿದ್ದೆ ಅಷ್ಟೆ. ಅಮ್ಮಾ, ಎಲ್ಲಿಗೆ?”

“ಕುಟುಂಬ ಕಚೇರಿಗೆ, ದೂರು ಕೊಡೋಕೆ.”

ಯುರಾನಿಯ ಮುಖ ಬಿಳಿಚಿಕೊಂಡಿತು. ಸೌಟು ಬಿಸಾಡಿ ಕಾಲು ಹಿಡಿದಳು. “ಬೇಡಮ್ಮಾ, ನಿನ್ನ ದಮ್ಮಯ್ಯ! ನನ್ನ ಬಾಳು ಹಾಳು ಮಾಡಬೇಡ!”

“ಮಗುವನ್ನ ಕಟ್ಟಿದ ಕೈಯಲ್ಲಿ ನನ್ನ ಮುಟ್ಟಬೇಡ.”

ಕಾಲು ಕೊಡವಿಕೊಂಡು ಹೊರಬಿದ್ದಳು. ಗಲಾಟೆ ಕೇಳಿ ಎದುರುಮನೆಯವಳು ಕಿಟಕಿಯಿಂದ ತಲೆ ಹಾಕಿದಳು. “ಊಟ ಹಾಕೋ ಮನೆಗೇ ಬೆಂಕಿ ಇಡೋಕೆ ಹೊರಟ್ರಾ? ಚೆನ್ನಾಗಿದೆ!” ಎರ್ಮೆಲಿಂಡಾ ತಿರುಗಿ ನೋಡಲಿಲ್ಲ. ನೋಡಿದ್ದರೆ ಕಾಲು ಮುಂದಕ್ಕೆ ಬರುತ್ತಿರಲಿಲ್ಲ.

ಮೆಟ್ಟಿಲುದಾರಿಯ ಅರ್ಧದಲ್ಲಿ, ಅಂದು ಅರ್ಧ ದಿನಕ್ಕೇ ಕೆಲಸ ಮುಗಿಸಿ ಬರುತ್ತಿದ್ದ ಮಾರ್ಲೇನಿ ಎದುರಾದಳು. ಹೂತೋಟದ ಕೂಲಿ; ಓಣಿಯ ಎಲ್ಲರಂತೆ ಬೆಳಗಾಗುವ ಮೊದಲೇ ಮಗುವನ್ನು ಯುರಾನಿಗೆ ಒಪ್ಪಿಸಿ ಓಡುವವಳು. ಯೇಸಿದ್‌ನ ಮಣಿಕಟ್ಟು ಕಂಡದ್ದೇ ಅಲ್ಲೇ ಕುಸಿದು, ಬಾಯಿ ಮುಚ್ಚಿಕೊಂಡು ಅತ್ತಳು. ಕಚೇರಿ ಎಂಬ ಮಾತು ಕೇಳಿದ್ದೇ ದಡಬಡಿಸಿ ಎದ್ದಳು.

“ಅಯ್ಯೋ, ಬೇಡಿ! ಅವಳ ಕೈ ಮುರಿದು ಹಾಕೋಣ ಅನ್ನಿಸುತ್ತೆ ನನಗೂ. ಆದರೆ ಇಂಥ ಕಡೆ ಯಾಕೆ ಬಿಟ್ಟೆ ಅಂತ ಆ ಕಚೇರಿಯವರು ಹೆತ್ತವರ ಕೈಯಿಂದಲೇ ಮಗು ಕಿತ್ಕೋತಾರೆ. ಅವಳು ಜೈಲಿಗೆ ಹೋದರೆ ನಿಮ್ಮ ಗತಿ ಏನು, ಯೋಚನೆ ಮಾಡಿದ್ದೀರಾ?”

“ಮಾಡಿದ್ದೀನಿ. ಹಿಂದೆಯೂ ಬರೆ ನೋಡಿದ್ದೆ. ಬಿದ್ದು ಆಯ್ತು ಅಂದ್ಲು, ನಂಬಿದೆ. ಇನ್ನು ನನ್ನ ಕೈಲಾಗಲ್ಲ ಮಾರಾಯ್ತಿ.”

ಎರ್ಮೆಲಿಂಡಾ ಮುಂದಿನ ಮೆಟ್ಟಿಲಿಗೆ ಕಾಲಿಟ್ಟಳು. ಮಾರ್ಲೇನಿ ಮಗುವನ್ನು ತನ್ನ ಹೆಗಲಿಗೆ ಹಾಕಿಕೊಂಡು ಹಿಂದೆಯೇ ನಡೆದಳು.

ಕುಟುಂಬ ಕಚೇರಿಯ ಅಧಿಕಾರಿ ಊಟಕ್ಕೆ ಏಳುವುದರಲ್ಲಿದ್ದ. ನಿಂತುಕೊಂಡೇ ಎರ್ಮೆಲಿಂಡಾಳ ದೂರು ಕೇಳಿದ. “ಮಕ್ಕಳು ಅಂದಮೇಲೆ ಬೀಳ್ತವೆ, ಏಳ್ತವೆ. ಆ ಹುಡುಗಿ ಮೇಲೆ ಇವತ್ತಿನವರೆಗೂ ಒಂದು ಮಾತು ಬಂದಿಲ್ಲ. ನಾಳೆ ಬನ್ನಿ, ನೋಡೋಣ.”

ಎರ್ಮೆಲಿಂಡಾ ಬಾಗಿಲಿಗೆ ಅಡ್ಡ ನಿಂತಳು. “ನಾಳೆ ಹೊತ್ತಿಗೆ ಇನ್ನೊಂದು ಮಗುವನ್ನ ಅದೇ ಮಂಚಕ್ಕೆ ಕಟ್ಟಿರ್ತಾಳೆ. ಊಟಕ್ಕೆ ಹೋಗೋದಾದರೆ ನನ್ನ ತುಳ್ಕೊಂಡು ಹೋಗಿ.”

“ಅವಳೇ ಹೊಡೆದದ್ದು ಅಂತ ಏನಮ್ಮ ಖಾತ್ರಿ?”

“ಕೋಪ ಬಂದರೆ ಅವಳು ಮೊದಲು ಸುಮ್ಮನಾಗ್ತಾಳೆ. ಆಮೇಲೆ ಕೈ ಬರುತ್ತೆ. ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು ಸಾರ್?”

ಬೆಂಚಿನ ಮೇಲೆ ಮಾರ್ಲೇನಿ ಮಗುವನ್ನು ಅವಚಿಕೊಂಡು ಕೂತಿದ್ದಳು. ಅಧಿಕಾರಿ ಹತ್ತಿರ ಹೋಗಿ “ಬಾ ಮರೀ” ಎಂದು ತಲೆ ಸವರಲು ಕೈ ಎತ್ತಿದ. ಯೇಸಿದ್ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಮುದುಡಿದ. ಅವನ ಚಡ್ಡಿ ಒದ್ದೆಯಾಯಿತು.

ಅಧಿಕಾರಿ ಆಮೇಲೆ ಊಟದ ಮಾತೆತ್ತಲಿಲ್ಲ. ಕುರ್ಚಿ ಎಳೆದು ಕೂತು ಪೆನ್ನು ತೆಗೆದ. “ತಾಯಿ ನೀವೇ ತಾನೆ?”

“ಹೌದು, ತಾಯಿ.” ಎರ್ಮೆಲಿಂಡಾ ಮೇಜಿನ ಹತ್ತಿರ ಬಂದಳು. “ಶಿಕ್ಷೆ ಆಗ್ಲೇಬೇಕು ಸಾರ್. ನಾಳೆ ನಾನೇ ಬಂದು ಅತ್ತು ಬೇಡಿಕೊಂಡರೂ ಬಿಡಬೇಡಿ.”

“ಸರಿ. ಮಗನ ಪೂರ್ತಿ ಹೆಸರು ಹೇಳಿ.”

“ಮಗು ಮಾರ್ಲೇನಿಯದು ಸಾರ್. ನನಗೆ ಮಗ ಇಲ್ಲ. ಇರೋದು ಒಬ್ಬಳೇ ಮಗಳು. ಯುರಾನಿ ಅಂತ ಬರ್ಕೊಳ್ಳಿ.”